ಒಂಬತ್ತು ಸ್ವರದ ವಾದ್ಯ, ಐದು ಸ್ವರದ ಹಾಡು

ಬ್ಯಾಗ್‌ಪೈಪ್ ಎಂದರೆ ತೋಳಿನಡಿ ತಿತ್ತಿ ಅವುಚಿಕೊಂಡು ಊದುವ ವಾದ್ಯ. ಸ್ಕಾಟ್ಲೆಂಡಿನದೆಂದೇ ಹೆಸರು. ನಮ್ಮ ಸೇನೆಯ ಬ್ಯಾಂಡುಗಳಲ್ಲೂ ಇದೆ. ದಿಲ್ಲಿಯಲ್ಲಿ ಜನವರಿ 29ರಂದು ನಡೆಯುವ ಬೀಟಿಂಗ್ ರಿಟ್ರೀಟ್ ನೋಡುವವರಿಗೆ ಇದು ಹೊಸದಲ್ಲ. ಈ ವಾದ್ಯದಲ್ಲಿ ಜಗತ್ತಿನ ಜನ ತುಂಬಾ ಕೇಳಿರುವ ಹಾಡುಗಳಲ್ಲಿ ಒಂದು ‘ಅಮೇಜಿಂಗ್ ಗ್ರೇಸ್’. ಅದು ಶುರುವಾದರೆ ಕೇಳುಗರ ಕಣ್ಣು ಒದ್ದೆಯಾಗುತ್ತದೆ, ಪೈಪ್ ನುಡಿಸುವ ಅನೇಕರು ಮಾತ್ರ ಹುಬ್ಬು ಗಂಟಿಕ್ಕುತ್ತಾರೆ.

ನಿಜಕ್ಕೂ ಈ ಹಾಡಿಗೆ ಪೈಪಿನ ನಂಟು ಹಳೆಯದಲ್ಲ. ಪದ ಬರೆದವನು ಇಂಗ್ಲೆಂಡಿನ ಜಾನ್ ನ್ಯೂಟನ್, 1772ರ ಕೊನೆಯಲ್ಲಿ. ಗುಲಾಮರನ್ನು ಸಾಗಿಸುವ ಹಡಗಿಗೆ ಕಪ್ತಾನನಾಗಿದ್ದು ಆಮೇಲೆ ಪಾದ್ರಿಯಾದವನು ಆತ. ಈಗಿನ ಧಾಟಿಯನ್ನು ಆ ಪದಕ್ಕೆ ಜೋಡಿಸಿದ್ದು ಅಮೆರಿಕದ ವಿಲಿಯಂ ವಾಕರ್, 1835ರಲ್ಲಿ. ಪೈಪಿನಲ್ಲಿ ಅದು ಮನೆಮಾತಾಗಲು 1972 ಬರಬೇಕಾಯಿತು. ರಾಯಲ್ ಸ್ಕಾಟ್ಸ್ ಡ್ರಗೂನ್ ಗಾರ್ಡ್ಸ್ ಎಂಬ ರೆಜಿಮೆಂಟಿನ ಪೈಪರ್‌ಗಳು ಹಿತ್ತಾಳೆ ವಾದ್ಯಗಳ ಜತೆಗೂಡಿ ನುಡಿಸಿದ ರೆಕಾರ್ಡು ಆ ವರ್ಷ ಬ್ರಿಟನ್ನಿನ ಜನಪ್ರಿಯ ಪಟ್ಟಿಯಲ್ಲಿ ಐದು ವಾರ ಮೊದಲ ಸ್ಥಾನ ಬಿಟ್ಟು ಕದಲಲಿಲ್ಲ. ವಾದ್ಯದ ಮಾನ ಕಳೆದಿರಿ ಎಂದು ಪೈಪ್ ಮೇಜರನ್ನು ಎಡಿನ್‌ಬರೋ ಕೋಟೆಗೆ ಕರೆಸಿ ಗದರಿಸಿದರಂತೆ ಎಂಬ ಕತೆ ಈಗಲೂ ಓಡಾಡುತ್ತಿದೆ.

ಹಳಬರ ಸಿಟ್ಟಿಗೆ ಕಾರಣವಿಲ್ಲದಿಲ್ಲ. ಪೈಪಿನ ಹಿರಿಯ ಸಂಗೀತಕ್ಕೆ ಪೀಬ್ರಾಕ್ ಎನ್ನುತ್ತಾರೆ. ಒಂದು ನಿಧಾನದ ಧಾಟಿ, ಅದರ ಮೇಲೆ ಬೆಳೆಯುತ್ತಾ ಹೋಗುವ ವಿಸ್ತಾರ. ಅದಕ್ಕೆ ವರ್ಷಗಟ್ಟಲೆ ಸಾಧನೆ ಬೇಕು. ಅಂಥದನ್ನು ಕಲಿತವನಿಗೆ ಹೋದಲ್ಲೆಲ್ಲ ‘ಅದೊಂದು ಊದಿಬಿಡಿ’ ಎಂದರೆ ಹೇಗಾಗಬೇಡ? ನಮ್ಮ ವಿದ್ವಾಂಸರನ್ನು ಪ್ರತಿ ಕಛೇರಿಯಲ್ಲೂ ಅದೇ ಒಂದು ದೇವರನಾಮಕ್ಕೆ ಪೀಡಿಸಿದ ಹಾಗೆ.

ಇನ್ನು ವಾದ್ಯದ ವಿಷಯ. ತಿತ್ತಿಯಲ್ಲಿ ಗಾಳಿ ತುಂಬಿರುವುದರಿಂದ ನಾದ ನಡುವೆ ನಿಲ್ಲುವುದಿಲ್ಲ. ಜೋರು, ಮೆಲ್ಲಗೆ ಎಂಬ ಭೇದವೂ ಇಲ್ಲ. ಒಂದೇ ಸ್ವರವನ್ನು ಎರಡು ಸಲ ನುಡಿಸಬೇಕಾದರೆ ನಡುವೆ ಇನ್ನೊಂದು ಸ್ವರವನ್ನು ಬೆರಳಲ್ಲಿ ಚಿಮ್ಮಿಸಿ ಬೇರ್ಪಡಿಸಬೇಕು. ನುಡಿಸುವ ಕೊಳವೆಯಲ್ಲಿ ಸಿಗುವುದು ಒಟ್ಟು ಒಂಬತ್ತು ಸ್ವರ. ಈ ಹಾಡಿಗೆ ಐದೇ ಸಾಕು, ಅವೂ ಒಂದೇ ಸ್ಥಾಯಿಯೊಳಗೆ, ಉದ್ದುದ್ದ ನಿಲ್ಲುವಂಥವು. ಹೊಸದಾಗಿ ಕಲಿಯುವವನ ಕೈಗೂ ಬೇಗ ದಕ್ಕುತ್ತದೆ. ಆದ್ದರಿಂದಲೇ ‘ಎಳೆಯರ ಪಾಠ’ ಎಂಬ ತಾತ್ಸಾರ.

ನನಗೆ ಕುತೂಹಲ ಹುಟ್ಟಿಸುವುದು ಶ್ರುತಿ. ಹಾಡಿನ ಸ್ವರಗಳು ನಮ್ಮ ಮೋಹನದವು, ಹಿಂದೂಸ್ತಾನಿಯವರ ಭೂಪ್. ಹೆಗಲ ಮೇಲಿನ ಮೂರು ಕೊಳವೆಗಳು ಬಿಡದೆ ಹಿಡಿಯುವ ಶ್ರುತಿಯಾದರೋ ಹಾಡಿನ ಷಡ್ಜವಲ್ಲ, ಪಂಚಮ! ಆ ಪಂಚಮವನ್ನೇ ಷಡ್ಜವೆಂದು ಹಿಡಿದರೆ ಅದೇ ಐದು ಸ್ವರ ಶುದ್ಧ ಸಾವೇರಿಯಾಗುತ್ತದೆ. ಗ್ರಹಭೇದ ಬಲ್ಲವರು ಹಾರ್ಮೋನಿಯಂ ಮೇಲೆ ಪರೀಕ್ಷಿಸಿ ನೋಡಬಹುದು. ಕಿವಿ ಎರಡರ ನಡುವೆ ತೂಗಾಡುತ್ತದೆ. ಆ ಹಾಡಿನಲ್ಲಿ ಹೇಳಲಾಗದ ಒಂದು ಸಂಕಟ ಕೇಳಿಸುವುದು ಇದರಿಂದಲೇ ಇರಬೇಕು ಎಂದು ನನ್ನ ಊಹೆ.

ಅಮೆರಿಕದಲ್ಲಿ ಪೊಲೀಸರ, ಅಗ್ನಿಶಾಮಕ ದಳದವರ ಶವಸಂಸ್ಕಾರಕ್ಕೆ ಪೈಪರ್ ಬಂದು ಇದನ್ನು ನುಡಿಸುವುದು ವಾಡಿಕೆಯೇ ಆಗಿದೆ. 1982ರ ‘ಸ್ಟಾರ್ ಟ್ರೆಕ್’ ಚಿತ್ರದಲ್ಲಂತೂ ಬಾಹ್ಯಾಕಾಶ ನೌಕೆಯಲ್ಲೇ ಸ್ಪಾಕ್‌ನ ಅಂತ್ಯಕ್ರಿಯೆಗೆ ಇದನ್ನು ಊದುತ್ತಾರೆ. ನುಡಿಸಿ ನುಡಿಸಿ ಬೇಸತ್ತವರೂ ಹೆಣದ ಮುಂದೆ ಇಲ್ಲವೆನ್ನಲಾರರು. ಅಳುತ್ತಿರುವವರಿಗೆ ಪೀಬ್ರಾಕ್ ಕೇಳಿ ಎಂದು ಹೇಳುವುದುಂಟೇ?

ಆದರೆ 1972ರ ರೆಕಾರ್ಡಿನ ಬಗ್ಗೆ ನನ್ನ ತಕರಾರೂ ಇದೆ. ಮೊದಲಿಗೆ ಒಬ್ಬನೇ ಪೈಪರ್ ನುಡಿಸುವಾಗ ಶ್ರುತಿ ನಿಚ್ಚಳವಾಗಿ ಕೇಳುತ್ತದೆ. ಹಿತ್ತಾಳೆಯವರು ಸೇರಿಕೊಂಡ ಮೇಲೆ ಅದು ಎಲ್ಲಿ ಹೋಯಿತೆಂದು ಹುಡುಕಬೇಕು.