ಕಡಲಾಚೆಯ ಮನ್ನಣೆಯೂ ಮನೆಯ ಸಂವಾದವೂ

೨೦೨೫ನೆಯ ಇಸವಿ ಮೇ ೨೦ರಂದು ಲಂಡನ್ ನಗರದಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯು ಹಾಸನದ ಕಥೆಗಾರ್ತಿ ಶ್ರೀಮತಿ ಬಾನು ಮುಷ್ತಾಕ್ ಅವರಿಗೂ ಅನುವಾದಕಿ ಶ್ರೀಮತಿ ದೀಪಾ ಭಾಸ್ತಿಯವರಿಗೂ ಘೋಷಿತವಾದಾಗ ಹಾಸನ ಜಿಲ್ಲೆಗೆ ಜಿಲ್ಲೆಯೇ ಸಂತೋಷಪಟ್ಟಿತು. ಬಾಣಾವರಕ್ಕೆ ಹಾಸನವೇನೂ ಬಹುದೂರದ ಊರಲ್ಲ. ಆ ಸಂತೋಷ ಇಲ್ಲಿಗೂ ಬಂದಿತು. ಸನ್ಮಾನಗಳು ನಡೆದವು, ಶಾಲು ಹಾರ ಫಲತಾಂಬೂಲಗಳು ಸಂದವು. ಅದೆಲ್ಲ ಯುಕ್ತವೇ. ಆದರೆ ಹಾರ ಬಾಡಿದ ಮೇಲೂ ಉಳಿಯತಕ್ಕ ಪ್ರಶ್ನೆಯೊಂದಿದೆ. ಆ ಕಥೆಗಳನ್ನು ಕನ್ನಡದಲ್ಲಿ ಓದಿ, ಓದಿದ ಬಳಿಕ ಬರೆದವರನ್ನು ಕಂಡು, ‘ಈ ಪಾತ್ರಕ್ಕೆ ಈ ಗತಿ ಏಕೆ?’ ಎಂದು ಕೇಳಿದ ಶಾಲೆಗಳು ಜಿಲ್ಲೆಯಲ್ಲಿ ಎಷ್ಟು?

ಪ್ರಶಸ್ತಿ ಪಡೆದ ‘ಹಾರ್ಟ್ ಲ್ಯಾಂಪ್’ ಗ್ರಂಥದಲ್ಲಿರುವುದು ಹನ್ನೆರಡು ಕಥೆಗಳು. ೧೯೯೦ರಿಂದ ೨೦೨೩ರವರೆಗಿನ ಮೂರು ದಶಕಗಳಿಗೂ ಮಿಕ್ಕ ಅವಧಿಯಲ್ಲಿ ಬರೆದ ಕಥೆಗಳೊಳಗಿಂದ ಅನುವಾದಕಿಯು ಆಯ್ದು ಜೋಡಿಸಿದವು ಅವು. ಎಂದರೆ, ಕಥೆಗಳು ಕನ್ನಡದವಾದರೂ ಆ ಗ್ರಂಥದ ಆಕಾರ ಸಿದ್ಧವಾದುದು ಅನುವಾದದಲ್ಲಿ. ಪ್ರಶಸ್ತಿಯ ಐವತ್ತು ಸಾವಿರ ಪೌಂಡನ್ನು ಕರ್ತೃವಿಗೂ ಅನುವಾದಕಿಗೂ ಸಮನಾಗಿ ಹಂಚಿದುದರಲ್ಲಿ ನ್ಯಾಯವಿದೆ. ಆದರೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೈಸೂರು ದಸರೆಯ ಉದ್ಘಾಟನೆಗೆ ಅವರನ್ನು ಕರೆದಾಗ ಎದ್ದ ವಾದವು ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಅಷ್ಟು ವಾದ ಮಾಡಿದವರಲ್ಲಿ, ಪಕ್ಷದವರಾಗಲಿ ಪ್ರತಿಪಕ್ಷದವರಾಗಲಿ, ಅವರ ಒಂದು ಕಥೆಯ ಹೆಸರನ್ನಾದರೂ ಎತ್ತಿದವರು ವಿರಳ. ಕೃತಿಯನ್ನು ಓದದೆ ಕೃತಿಕಾರರನ್ನು ಹೊಗಳುವುದೂ ತೆಗಳುವುದೂ ಒಂದೇ ಜಾತಿಯ ಕೆಲಸ.

ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿಯೂ ಕಾದಂಬರಿಕಾರರೊಡನೆ ಸಂವಾದವೆಂಬುದು ಒಂದು ನೆಲೆಗೊಂಡ ಪದ್ಧತಿ. ೧೯೫೩ರಲ್ಲಿ ಪ್ಯಾರಿಸ್ಸಿನಲ್ಲಿ ನೆಲಸಿದ್ದ ಕೆಲವು ತರುಣ ಅಮೆರಿಕನ್ನರು ‘ಪ್ಯಾರಿಸ್ ರಿವ್ಯೂ’ ಎಂಬ ಪತ್ರಿಕೆಯನ್ನು ಆರಂಭಿಸಿದರು. ಅದರ ಮೊದಲ ಸಂಚಿಕೆಯಲ್ಲಿಯೇ ಇಂಗ್ಲೆಂಡಿನ ಕಾದಂಬರಿಕಾರ ಇ. ಎಂ. ಫಾರ್ಸ್ಟರರೊಡನೆ ನಡೆದ ಸಂವಾದ ಅಚ್ಚಾಯಿತು. ಪ್ರಶ್ನೆ ಕೇಳುವವನು ಲೇಖಕನ ಕೃತಿಗಳನ್ನು ಓದಿಕೊಂಡು ಹೋಗಬೇಕು. ಬರೆದುಕೊಂಡುದನ್ನು ಲೇಖಕನಿಗೇ ತಿದ್ದಲು ಕೊಡಬೇಕು. ತಿದ್ದಿದ ಮೇಲೆ ಅಚ್ಚಿಗೆ ಹೋಗಬೇಕು. ಹೀಗೆ ಸಿದ್ಧವಾದ ಸಂವಾದಗಳು ಸಂಪುಟಗಳಾಗಿ ಬಂದು ಇಂದಿಗೂ ಓದಲ್ಪಡುತ್ತಿವೆ. ಈ ದೇಶಗಳಲ್ಲಿ ಹೊಸ ಪುಸ್ತಕ ಬಂದೊಡನೆ ಲೇಖಕನನ್ನು ಊರೂರು ತಿರುಗಿಸುವ ಇನ್ನೊಂದು ರೂಢಿಯೂ ಇದೆ. ಅದು ಬಹುಮಟ್ಟಿಗೆ ಮಾರಾಟದ ಉಪಾಯ. ಕನ್ನಡನಾಡು ಈ ಎರಡನೆಯದನ್ನು ಬೇಗ ಕಲಿತಿತು, ಮೊದಲನೆಯದನ್ನು ಕಲಿಯಲಿಲ್ಲ. ಇಲ್ಲಿಯ ವೇದಿಕೆಗಳಲ್ಲಿ ಕೇಳಿಬರುವ ಮೊದಲ ಪ್ರಶ್ನೆ ‘ತಮಗೆ ಬರೆಯಲು ಪ್ರೇರಣೆ ಏನು?’ ಎಂಬುದು. ಯಾವ ಪುಸ್ತಕವನ್ನೂ ಓದದವನು ಕೇಳಬಹುದಾದ ಪ್ರಶ್ನೆಯೆಂದರೆ ಇದೊಂದೇ.

ವಿಷಾದದ ಸಂಗತಿಯೆಂದರೆ, ಸಂವಾದವನ್ನು ಕನ್ನಡಿಗರು ಪರದೇಶದಿಂದ ತರಬೇಕಾಗಿಯೇ ಇರಲಿಲ್ಲ. ಹನ್ನೆರಡನೆಯ ಶತಮಾನದ ಶರಣರ ಬಿಡಿಬಿಡಿ ವಚನಗಳನ್ನು ಪ್ರಶ್ನೋತ್ತರವಾಗಿ ಹೊಂದಿಸಿ, ಒಂದು ಮಹಾಸಂವಾದವನ್ನಾಗಿ ಕಟ್ಟಿದ ‘ಶೂನ್ಯಸಂಪಾದನೆ’ ಕನ್ನಡದಲ್ಲಿದೆ. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಮೊದಲ್ಗೊಂಡು ಗೂಳೂರು ಸಿದ್ಧವೀರಣ್ಣೊಡೆಯರವರೆಗೆ ನಾಲ್ವರು ಸಂಪಾದನಕಾರರು ಅದನ್ನು ನಾಲ್ಕು ಬಗೆಯಲ್ಲಿ ಕಟ್ಟಿದರು. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭು ಮೊದಲು ಕೊಂಡಾಡುವುದಿಲ್ಲ, ಪ್ರಶ್ನಿಸುತ್ತಾನೆ. ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನೂ ಬಿಡುವುದಿಲ್ಲ. ಉತ್ತರಿಸಿದವರ ನಿಲುವು ಆ ಪ್ರಶ್ನೆಯ ಬಲದಿಂದಲೇ ಬೆಳಕಿಗೆ ಬರುತ್ತದೆ. ಪ್ರಶ್ನಿಸಿದವನ ಯೋಗ್ಯತೆಯೂ ಅಲ್ಲಿಯೇ ಒರೆಗೆ ಹತ್ತುತ್ತದೆ.

ಒಳ್ಳೆಯ ಮಾತುಕತೆಯೊಂದು ಏನನ್ನು ಹುಟ್ಟಿಸಬಲ್ಲುದು ಎಂಬುದಕ್ಕೆ ‘ಸಂಸ್ಕಾರ’ ಕಾದಂಬರಿಗಿಂತ ಮಿಗಿಲಾದ ನಿದರ್ಶನ ಬೇಡ. ಯು. ಆರ್. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದಾಗ ಅಲ್ಲಿಯ ಅಧ್ಯಾಪಕರೂ ಕಾದಂಬರಿಕಾರರೂ ಆಗಿದ್ದ ಮ್ಯಾಲ್ಕಮ್ ಬ್ರಾಡ್‌ಬರಿಯವರೊಡನೆ ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ ಎಂಬ ಸ್ವೀಡಿಷ್ ಚಲನಚಿತ್ರವನ್ನು ನೋಡಿದರು. ಅದಕ್ಕೆ ಇಂಗ್ಲಿಷ್ ಅಡಿಬರಹವೂ ಇರಲಿಲ್ಲವಂತೆ. ಮಧ್ಯಯುಗವನ್ನು ಯೂರೋಪಿನವರು ವಿದ್ವತ್ತಿನಿಂದ ಕಷ್ಟಪಟ್ಟು ಮರುಕಲ್ಪಿಸಿಕೊಳ್ಳಬೇಕು, ಭಾರತೀಯನಿಗಾದರೋ ಅದು ಇಂದಿನ ಬದುಕಿನ ಜೊತೆಗೇ ಇದೆ ಎಂಬ ಅರ್ಥದ ಮಾತು ಬ್ರಾಡ್‌ಬರಿಯವರಿಂದ ಬಂದಿತು. ಆ ಮಾತು ತಮ್ಮನ್ನು ಕಲಕಿ, ಮಲೆನಾಡಿನ ಅಗ್ರಹಾರದ ಕಥೆಯನ್ನು ಬರೆಯಿಸಿತೆಂದು ಅನಂತಮೂರ್ತಿಯವರೇ ಹಲವೆಡೆ ಹೇಳಿದ್ದಾರೆ. ೧೯೬೫ರಲ್ಲಿ ಪ್ರಕಟವಾದ ಆ ಕಾದಂಬರಿಯ ಹಿಂದೆ ಹೀಗೆ ಇಬ್ಬರು ಬರೆಹಗಾರರ ಸಮಸಮವಾದ ಮಾತುಕತೆಯಿದೆ. ಇದೇ ಬ್ರಾಡ್‌ಬರಿಯವರು ೧೯೯೫ರಲ್ಲಿ ಅಟ್ಲಾಂಟಿಕ್ಕಿನ ಎರಡು ದಡಗಳ ಕಾದಂಬರಿಗಳ ಕೊಳುಕೊಡೆಯನ್ನು ಕುರಿತು ಒಂದು ದೊಡ್ಡ ಗ್ರಂಥವನ್ನೂ ಬರೆದರು. ಇಂಗ್ಲೆಂಡೂ ಅಮೆರಿಕವೂ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಆ ಮನೆಯೊಳಕ್ಕೆ ತುಂಗೆಯ ದಡದ ಕನ್ನಡವು ಹಾಗೆ ಸದ್ದಿಲ್ಲದೆ ಪ್ರವೇಶಿಸಿತ್ತು.

೧೯೭೬ರಲ್ಲಿ ಎ. ಕೆ. ರಾಮಾನುಜನ್ನರು ‘ಸಂಸ್ಕಾರ’ವನ್ನು ಇಂಗ್ಲಿಷಿಗೆ ತಂದರು. ಅದಕ್ಕೆ ಮೂರು ವರ್ಷ ಮೊದಲು ‘ಸ್ಪೀಕಿಂಗ್ ಆಫ್ ಶಿವ’ ಎಂಬ ಹೆಸರಿನಲ್ಲಿ ಬಸವಣ್ಣ, ದಾಸಿಮಯ್ಯ, ಅಕ್ಕ, ಅಲ್ಲಮರ ವಚನಗಳನ್ನು ಕೊಟ್ಟವರೂ ಅವರೇ. ವಚನವನ್ನು ಕಡಲಾಚೆಗೆ ಒಯ್ದ ಕೈಯೇ ಕಾದಂಬರಿಯನ್ನೂ ಒಯ್ದಿತು. ಆದರೆ ಅಲ್ಲಿ ಅದು ಹೇಗೆ ಓದಲ್ಪಟ್ಟಿತು? ೧೯೭೭ರಲ್ಲಿ ವಿ. ಎಸ್. ನೈಪಾಲರು ಭಾರತವನ್ನು ಕುರಿತ ತಮ್ಮ ಗ್ರಂಥದಲ್ಲಿ ‘ಸಂಸ್ಕಾರ’ವನ್ನು ಹಿಂದೂ ಮನಸ್ಸಿನ ಕೊರತೆಗೆ ಸಾಕ್ಷ್ಯವೆಂಬಂತೆ ಬಳಸಿಕೊಂಡರು. ಕಾವ್ಯವನ್ನು ರೋಗಿಯ ನಾಡಿಯಂತೆ ಹಿಡಿದು ನೋಡುವ ಓದು ಅದು. ಪರರ ಮನೆಯಲ್ಲಿ ಪ್ರಶ್ನೆಗಳು ಪರರವೇ ಆಗಿರುತ್ತವೆ. ಅದಕ್ಕಾಗಿ ಅವರನ್ನು ದೂರಿ ಫಲವಿಲ್ಲ. ಕಾಲ ಕ್ರಮೇಣ ಬದಲಾಗಿದೆಯೆಂಬುದನ್ನೂ ಹೇಳಬೇಕು. ರಾಮಾನುಜನ್ನರು ಟಿಪ್ಪಣಿಗಳನ್ನು ಜೋಡಿಸಿದ್ದರೆ, ದೀಪಾ ಭಾಸ್ತಿಯವರು ಕನ್ನಡ ಉರ್ದು ಶಬ್ದಗಳನ್ನು ಅಡಿಟಿಪ್ಪಣಿಯಿಲ್ಲದೆ, ಓರೆ ಅಕ್ಷರವೂ ಇಲ್ಲದೆ ಹಾಗೆಯೇ ಇಟ್ಟರು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ೨೦೧೭ರಲ್ಲಿ ಅಮೆರಿಕದಲ್ಲಿ ಪ್ರಕಟವಾದಾಗ, ಯಾವ ನಿಘಂಟಿನಲ್ಲಿಯೂ ಇಲ್ಲದ ಆ ಮನೆಮಾತೇ ಶೀರ್ಷಿಕೆಯಾಗಿ ನಿಂತಿತು. ಅಲ್ಲಿಯ ಓದುಗನು ಶ್ರಮಪಡಲು ಸಿದ್ಧನಾಗಿರುವಾಗ ಇಲ್ಲಿಯ ಓದುಗನು ಆ ಶ್ರಮದಿಂದ ವಿನಾಯಿತಿ ಕೇಳುವುದು ಶೋಭಿಸದು.

ಹಾಸನದ ಸೀಮೆಗೆ ಈ ಕಡಲ ವ್ಯವಹಾರ ಹೊಸದಲ್ಲ. ೧೯೦೮ರಲ್ಲಿ ಹಾಸನದಲ್ಲಿ ಹುಟ್ಟಿದ ರಾಜಾರಾಯರ ‘ಕಾಂತಪುರ’ ೧೯೩೮ರಲ್ಲಿ ಲಂಡನ್ನಿನಲ್ಲಿ, ೧೯೬೩ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅದರ ಭಾಷೆ ಇಂಗ್ಲಿಷ್. ಕಥೆ ಹೇಳುವ ಅಜ್ಜಿಯ ಉಸಿರು ಮಾತ್ರ ಕನ್ನಡದ್ದು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರದು ಎದುರು ದಿಕ್ಕಿನ ಪ್ರಯಾಣ. ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿ, ಆ ದೇಶವನ್ನು ಹೇಮಾವತಿ ತೀರದ ಕನ್ನಡದಿಂದ ಅಳೆದು ಬರೆದ ‘ಅಮೆರಿಕದಲ್ಲಿ ಗೊರೂರು’ ಕೃತಿಗೆ ೧೯೮೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಇವರೆಲ್ಲರಿಗಿಂತ ಏಳೆಂಟು ಶತಮಾನ ಮೊದಲು ದೋರಸಮುದ್ರದ ಕರಣಿಕವೃತ್ತಿಯನ್ನು ತೊರೆದು ಹಂಪೆಗೆ ನಡೆದನೆಂದು ಐತಿಹ್ಯವಿರುವ ಹರಿಹರನಿಗೆ ಯಾವ ರಾಜಧಾನಿಯ ಮನ್ನಣೆಯೂ ಬೇಕಾಗಿರಲಿಲ್ಲ. ಹಳೇಬೀಡಿನ ಗುಡಿ ನೋಡಲು ಬರುವ ಮಕ್ಕಳಿಗೆ ಈ ಮಾತನ್ನು ಹೇಳುವವರು ಕಡಮೆಯಾಗಿದ್ದಾರೆ. ಅದು ಬೇರೆಯ ದುಃಖ.

ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಜನಿಸಿದ ಎಸ್. ಎಲ್. ಭೈರಪ್ಪನವರು ೨೦೨೫ರ ಸೆಪ್ಟೆಂಬರ್ ೨೪ರಂದು ತೀರಿಕೊಂಡರು. ‘ವಂಶವೃಕ್ಷ’, ‘ಗೃಹಭಂಗ’, ‘ಪರ್ವ’ಗಳನ್ನು ಬರೆದವರು, ತಾವೇಕೆ ಬರೆಯುತ್ತೇವೆಂಬುದಕ್ಕೆ ಒಂದು ಪುಸ್ತಕವನ್ನೇ ಮೀಸಲಿಟ್ಟವರು. ‘ಗೃಹಭಂಗ’ದ ಪ್ಲೇಗು ಬರಗಾಲಗಳನ್ನು ಅನುಭವಿಸಿದ ಸೀಮೆಯ ಮಕ್ಕಳು, ನಂಜಮ್ಮನ ಬದುಕಿನ ಬಗೆಗೆ ಅವರನ್ನೇ ನೇರವಾಗಿ ಕೇಳಬಹುದಾಗಿದ್ದ ಐವತ್ತು ವರ್ಷಗಳು ಕಳೆದುಹೋದವು. ಇನ್ನು ಕೇಳುವಂತಿಲ್ಲ.

ಮಠದ ಆಶ್ರಯದ ಶಾಲೆಗೆ ಕಾದಂಬರಿಕಾರರು ಬಂದರೆ ಮತಾಚಾರಗಳನ್ನು ಪ್ರಶ್ನಿಸುವ ಮಾತು ಬಂದೀತೆಂದು ಅಳುಕುವ ಹಿರಿಯರಿದ್ದಾರೆ. ಅಳುಕು ಪ್ರಾಮಾಣಿಕವಾದುದೇ. ಆದರೆ ಶೂನ್ಯಸಂಪಾದನೆಯನ್ನು ಪೂಜ್ಯವೆಂದು ಭಾವಿಸುವ ಪರಂಪರೆಗೆ ಪ್ರಶ್ನೆಯ ಭಯ ಹೊಸದಾಗಿ ಬರಬಾರದು. ದಾನಿಗಳು ಇದುವರೆಗೆ ಕೊಠಡಿ ಕಟ್ಟಿಸಿದ್ದಾರೆ, ವಿದ್ಯಾರ್ಥಿವೇತನಗಳನ್ನಿಟ್ಟಿದ್ದಾರೆ. ಇನ್ನು ವರ್ಷಕ್ಕೆ ಒಂದು ಕನ್ನಡ ಕಾದಂಬರಿಯ ಅಥವಾ ಕಥಾಸಂಕಲನದ ನಲವತ್ತು ಪ್ರತಿಗಳನ್ನು ಕೊಡಿಸಲಿ. ಅದು ಒಂದು ಕಿಟಕಿಯ ಖರ್ಚಿಗಿಂತ ಹೆಚ್ಚಾಗದು. ತರಗತಿಯವರೆಲ್ಲ ಅದನ್ನು ಪೂರ್ತಿ ಓದಿದ ಮೇಲೆ ಲೇಖಕರನ್ನು ಕರೆಯಿಸಲಿ. ಪ್ರಶ್ನೆಗಳು ಪುಸ್ತಕದೊಳಗಿನವೇ ಆಗಿರಲಿ. ಇಬ್ಬರು ವಿದ್ಯಾರ್ಥಿಗಳು ಬರೆದುಕೊಂಡು, ಲೇಖಕರು ತಿದ್ದಿಕೊಟ್ಟ ಪ್ರತಿಯನ್ನು ಇಂತಹ ಸ್ಮರಣಸಂಪುಟದಲ್ಲಿ ಅಚ್ಚುಮಾಡಿಸಲಿ. ಹಳೆಯ ವಿದ್ಯಾರ್ಥಿಗಳಲ್ಲಿ ಅಮೆರಿಕ ಇಂಗ್ಲೆಂಡುಗಳಲ್ಲಿ ನೆಲಸಿದವರಿದ್ದರೆ, ಆ ಪುಸ್ತಕದ ಅನುವಾದ ಅಲ್ಲಿ ಹೇಗೆ ಓದಲ್ಪಟ್ಟಿತೆಂದು ಅವರು ಒಂದು ಪತ್ರ ಬರೆಯಲಿ. ಪ್ರಶ್ನೆಗಳನ್ನು ಮೊದಲೇ ಸಿದ್ಧಪಡಿಸಿ ಮಕ್ಕಳಿಗೆ ಹಂಚಿ ಬಾಯಿಪಾಠ ಮಾಡಿಸುವ ಪದ್ಧತಿಯನ್ನು ಮಾತ್ರ ಉಪಾಧ್ಯಾಯರು ಅಂದು ಕೈಬಿಡಬೇಕು.