ಕೋಟೆ ನೋಡಿದ ಮಕ್ಕಳಿಗೆ ಯಾವ ಪಾಠವಾಯಿತು?

ಡಿಸೆಂಬರ್ ಬಂತೆಂದರೆ ಚಿತ್ರದುರ್ಗದ ಕೋಟೆಯ ಬಾಗಿಲಿಗೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಬಂದವು ಕೆಲವು. ದೂರದ ಜಿಲ್ಲೆಗಳಿಂದ ರಾತ್ರಿಯಿಡೀ ಓಡಿ ಬಂದವು ಹಲವು. ಮೆಟ್ಟಿಲೇರುವುದು, ಕಿಂಡಿಯಲ್ಲಿ ಇಣುಕುವುದು, ಬುತ್ತಿ ಬಿಚ್ಚುವುದು, ಮರಳುವುದು. ಇದನ್ನು ಮನರಂಜನೆಯೆಂದು ಎಣಿಸಿ ನಾವು ಸುಮ್ಮನಿದ್ದೇವೆ. ಮೇಷ್ಟ್ರಾಗಿ ಕೆಲವು ವರ್ಷ ಮಕ್ಕಳನ್ನು ಕರೆದೊಯ್ದ ನಾನು ಹೇಳುವುದಿಷ್ಟು: ವರ್ಷವಿಡೀ ಓದಿಸಿದ ಚರಿತ್ರೆ ಪರೀಕ್ಷೆಯ ಮರುದಿನ ಮರೆತುಹೋಗುತ್ತದೆ, ಕೋಟೆಯ ಮೇಲೆ ಅರ್ಧ ತಾಸು ಕೇಳಿದ ಮಾತು ಮುದುಕರಾದರೂ ಉಳಿಯುತ್ತದೆ. ನಮ್ಮವರು ಯಾರು, ಹೊರಗಿನವರು ಯಾರು ಎಂಬುದನ್ನು ಮಗು ಕಲಿಯುವುದು ಅಲ್ಲಿ. ಆದ್ದರಿಂದ ಅಲ್ಲಿ ಏನನ್ನು ತೋರಿಸುತ್ತಾರೆ, ಏನನ್ನು ಬಿಡುತ್ತಾರೆ ಎಂಬುದು ರಾಜಕೀಯದ ಪ್ರಶ್ನೆಯೇ ಹೊರತು ಬೇರೆಯಲ್ಲ.

ಕರ್ನಾಟಕವೆಂಬ ಭಾವನೆ ಬೆಳೆದದ್ದೇ ಒಂದು ಪ್ರವಾಸದಿಂದ ಎಂದರೆ ತಪ್ಪಾಗದು. 1905ರಲ್ಲಿ ಆಲೂರ ವೆಂಕಟರಾಯರು ಹಂಪೆಗೆ ಹೋದರು. ಆಗ ಕನ್ನಡಿಗರು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿದ್ದ ಕಾಲ. ಹಂಪೆಯ ಹಾಳುಗೋಡೆಗಳ ನಡುವೆ ಅವರಿಗೆ ಇಡೀ ಕರ್ನಾಟಕದ ದರ್ಶನವಾಯಿತು. 1917ರಲ್ಲಿ ‘ಕರ್ನಾಟಕ ಗತವೈಭವ’ ಹೊರಬಂತು. 1936ರಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವ ಅದೇ ಹಂಪೆಯಲ್ಲಿ ನಡೆಯಿತು. 1956ರ ಏಕೀಕರಣಕ್ಕೆ ಈ ಯಾತ್ರೆಗಳೂ ಗೊಬ್ಬರವಾದವು. ಒಡೆದ ಜನ ಒಂದು ಕಡೆ ನಿಂತು ಒಂದೇ ಕಲ್ಲನ್ನು ನೋಡಿ ‘ಇದು ನಮ್ಮದು’ ಎಂದುಕೊಂಡರೆ ಅದರಲ್ಲಿ ಅಪಾರ ಶಕ್ತಿಯಿದೆ. ಆ ಶಕ್ತಿಯನ್ನು ಹಳಿಯುವವನು ನಾನಲ್ಲ. ಆದರೆ ಅದು ಯಾರ ಕೈಗೆ ಸಿಕ್ಕಿತು ಎಂದು ಕೇಳಬೇಡವೆ?

ಜಪಾನಿನಲ್ಲಿ ಅದು ಸಾಮ್ರಾಜ್ಯಶಾಹಿಯ ಕೈಗೆ ಸಿಕ್ಕಿತು. 1905ರಲ್ಲಿ ರಷ್ಯವನ್ನು ಸೋಲಿಸಿದ ಮರುವರ್ಷವೇ ಒಂದು ದೊಡ್ಡ ಪತ್ರಿಕೆ ಹಡಗು ಗೊತ್ತುಮಾಡಿ ಜನರನ್ನು ಮಂಚೂರಿಯ, ಕೊರಿಯಗಳಿಗೆ ಕರೆದೊಯ್ದಿತು. ವಿದ್ಯಾರ್ಥಿಗಳನ್ನೂ ಉಪಾಧ್ಯಾಯರನ್ನೂ ಕಳಿಸಲು ಸೈನ್ಯವೇ ಮುಂದೆ ಬಂತು. ಪೋರ್ಟ್ ಆರ್ಥರಿನ ಗುಡ್ಡದ ಮೇಲೆ ನಿಲ್ಲಿಸಿ, ನಿಮ್ಮ ಅಣ್ಣಂದಿರ ರಕ್ತ ಬಿದ್ದ ನೆಲ ಇದು ಎಂಬ ಪಾಠ ಮಾಡಿದರು. ಚೀನೀಯನ ನೆಲವನ್ನು ಜಪಾನಿನ ಹುಡುಗ ತನ್ನದೆಂದು ನಂಬಲು ಇದಕ್ಕಿಂತ ಸುಲಭ ಉಪಾಯ ಬೇರೆ ಬೇಕೆ? ದಕ್ಷಿಣ ಮಂಚೂರಿಯ ರೈಲ್ವೆ ಕಂಪೆನಿಯ ಅಧ್ಯಕ್ಷನ ಆಹ್ವಾನದ ಮೇಲೆ 1909ರಲ್ಲಿ ಹೋದ ಪ್ರಸಿದ್ಧ ಕಾದಂಬರಿಕಾರ ನಾತ್ಸುಮೆ ಸೋಸೆಕಿ ಬಂದರಿನ ಚೀನೀ ಕೂಲಿಗಳನ್ನು ಕಂಡು ಬರೆದ. ಕೂಲಿಗಳು ಅಲ್ಲಿ ನೋಟದ ವಸ್ತುವೇ ಹೊರತು ನೆಲದ ಒಡೆಯರಲ್ಲ.

1940ರಲ್ಲಿ ಇದು ತುದಿ ಮುಟ್ಟಿತು. ಮೊದಲ ಚಕ್ರವರ್ತಿ ಜಿಮ್ಮು ಪಟ್ಟಕ್ಕೆ ಬಂದು 2600 ವರ್ಷವಾಯಿತೆಂದು ದೇಶವಿಡೀ ಉತ್ಸವ. ಪುಣ್ಯಸ್ಥಳಗಳಿಗೆ ರೈಲು ತುಂಬ ಜನ. ಕಾಶಿಹಾರ ಗುಡಿಯ ಅಂಗಳ ವಿಸ್ತರಿಸಲು ಲಕ್ಷಾಂತರ ಮಂದಿ ಸಂಬಳವಿಲ್ಲದೆ ಮಣ್ಣು ಹೊತ್ತರು. ಜಿಮ್ಮುವಿನ ಕಥೆ ಇತಿಹಾಸವಲ್ಲ, ಪುರಾಣ ಎಂದು ತೋರಿಸಿದ್ದ ವಿದ್ವಾಂಸ ತ್ಸುದಾ ಸೋಕಿಚಿಯ ಪುಸ್ತಕಗಳನ್ನು ಅದೇ ವರ್ಷ ನಿಷೇಧಿಸಿದರು; ಮೇಷ್ಟರ ಕೆಲಸ ಹೋಯಿತು, ಮೇಲೆ ಕೋರ್ಟಿನ ಕಟ್ಟೆ. ಯಾತ್ರೆಗೆ ಹೊರಟವರ ಕಿವಿಗೆ ಬೇರೆ ಮಾತು ಬೀಳಬಾರದಲ್ಲ!

ನಮ್ಮ ದುರ್ಗ ಜಪಾನಲ್ಲ, ನಿಜ. ಇಲ್ಲಿ ಸೈನ್ಯ ಬಸ್ಸು ಕಳಿಸುವುದಿಲ್ಲ. ಆದರೂ ಏಳು ಸುತ್ತಿನ ಕೋಟೆಯಲ್ಲಿ ಮಕ್ಕಳು ಕೇಳುವ ಕಥೆಯನ್ನು ಸ್ವಲ್ಪ ಪರಿಶೀಲಿಸೋಣ. ಮದಕರಿ ನಾಯಕ, ಹೈದರಾಲಿ, ಒನಕೆ ಓಬವ್ವ. 1972ರ ‘ನಾಗರಹಾವು’ ಚಿತ್ರ ಬಂದ ಮೇಲಂತೂ ಓಬವ್ವನ ಕಿಂಡಿಯನ್ನು ನೋಡದೆ ಹೋದವನು ದುರ್ಗ ನೋಡಿದ ಹಾಗೇ ಅಲ್ಲ. ಇದರಲ್ಲಿ ನನಗೆ ಸಂತೋಷವೇ. ರಾಜರ ಹೆಸರೇ ತುಂಬಿದ ಈ ದೇಶದ ಕೋಟೆಗಳ ನಡುವೆ, ಕಾವಲುಗಾರನೊಬ್ಬನ ಹೆಂಡತಿ, ಅದರಲ್ಲೂ ದಲಿತ ಮನೆತನದ ಹೆಣ್ಣೆಂದು ಜನ ನೆನೆಯುವವಳು, ಅಡಿಗೆಮನೆಯ ಒನಕೆಯಿಂದ ಹೆಸರಾದದ್ದು ಸಣ್ಣ ಮಾತಲ್ಲ. 2021ರಿಂದ ಸರಕಾರವೂ ನವೆಂಬರ್ 11ರಂದು ಅವಳ ಜಯಂತಿ ನಡೆಸುತ್ತಿದೆ.

ಆದರೆ ಕಥೆ ಕಿಂಡಿಯ ಬಳಿಯೇ ನಿಂತುಬಿಡುತ್ತದೆ. 1779ರಲ್ಲಿ ಕೋಟೆ ಬಿತ್ತು. ಆಮೇಲೆ? ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಹೇಳುವಂತೆ, ಈ ಸೀಮೆಯ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಅವರ ಹುಡುಗರನ್ನು ‘ಚೇಲಾ’ ಪಡೆ ಎಂದು ಕಟ್ಟಿ ಸಿಪಾಯಿಗಳನ್ನಾಗಿ ಮಾಡಿದರು. ದೊರೆ ಸೋತ ಕಥೆ ಎಲ್ಲರಿಗೂ ಗೊತ್ತು. ಒಕ್ಕಲೆದ್ದು ಹೋದ ಈ ಜನದ ಕಥೆ ಯಾವ ಗೈಡಿನ ಬಾಯಲ್ಲೂ ನಾನು ಕೇಳಿಲ್ಲ. ಕೆಲವರಂತೂ ಇಡೀ ಯುದ್ಧವನ್ನು ಹಿಂದೂ ಮುಸಲ್ಮಾನರ ಜಗಳವೆಂದು ಒಗ್ಗರಣೆ ಹಾಕಿ ಬಡಿಸುತ್ತಾರೆ. ಮದಕರಿ ಮೊದಲು ಹೈದರನ ಪಕ್ಷದಲ್ಲಿ ನಿಂತು ಅವನ ದಂಡಯಾತ್ರೆಗಳಿಗೆ ನೆರವಾದವನು. ಕಾದಿದ್ದು ಇಬ್ಬರು ದೊರೆಗಳು. ಕಾರಣ ಕಪ್ಪಕಾಣಿಕೆ ಮತ್ತು ಅಧಿಕಾರ. ಹತ್ತು ವರ್ಷದ ಮಗುವಿನ ತಲೆಗೆ ಬೇರೆ ವಿಷ ತುಂಬಿ ಬಸ್ಸು ಹತ್ತಿಸಿದರೆ, ಅದು ಊರಿಗೆ ಹೋಗಿ ಪಕ್ಕದ ಬೆಂಚಿನ ಗೆಳೆಯನನ್ನು ಯಾವ ಕಣ್ಣಿನಿಂದ ನೋಡೀತು?

ಕೋಟೆಯ ಕೆಳಗೇ ಚಂದ್ರವಳ್ಳಿ ಇದೆ. ಕದಂಬರ ಮಯೂರಶರ್ಮನ ಶಾಸನ ಅಲ್ಲಿನ ಬಂಡೆಯ ಮೇಲಿದೆ. ಅವನು ಗೆದ್ದ ನಾಡುಗಳ ಪಟ್ಟಿಯನ್ನು ಎಲ್ಲರೂ ಹೇಳುತ್ತಾರೆ. ಶಾಸನ ಹುಟ್ಟಿದ್ದು ಒಂದು ಕೆರೆಯ ಕೆಲಸಕ್ಕಾಗಿ ಎಂಬುದನ್ನು ಹೇಳುವವರು ಕಡಿಮೆ. ಮಳೆ ಕೈಕೊಡುವ ಈ ನಾಡಿನಲ್ಲಿ ನಿಜವಾದ ಚರಿತ್ರೆ ನೀರಿನದು. ಮೇಲೆ ಅಕ್ಕತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡ. ಕೆಳಗೆ ಪೇಟೆಯಲ್ಲಿ ಸಂತೆಹೊಂಡ. ಇವನ್ನು ಕಡಿದ, ಕಲ್ಲು ಹೊತ್ತ ಕೈಗಳಿಗೆ ಒಂದು ಫಲಕವಾದರೂ ಬೇಡವೆ?

ಹಿರಿಯೂರಿನ ವಾಣಿವಿಲಾಸ ಸಾಗರವನ್ನೂ ಹೀಗೇ ನೋಡಬೇಕು. 1898ರಲ್ಲಿ ಕೆಲಸ ಹಿಡಿದು 1907ರ ಹೊತ್ತಿಗೆ ವೇದಾವತಿಗೆ ಕಟ್ಟೆ ಹಾಕಿದರು. 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. ಜನ ಜಾತ್ರೆಯಂತೆ ಬಂದು ನೋಡಿದರು. ಮಾರಿಕಣಿವೆಯ ತುಂಬಿದ ನೀರು ಹಿರಿಯೂರಿನ ತೋಟಗಾರನಿಗೆ ಹಬ್ಬ. ಹೊಸದುರ್ಗದ ಹಿನ್ನೀರಿನ ಅಂಚಿನ ರೈತನಿಗೆ ಹೊಲಕ್ಕೆ ನೀರೇರುವ ಭಯ. ಒಂದೇ ನೀರಿನ ಈ ಎರಡು ಮುಖಗಳನ್ನೂ ಮಕ್ಕಳಿಗೆ ತೋರಿಸಬೇಕು. ಬಸ್ಸನ್ನು ಅಣೆಕಟ್ಟೆಯ ಮೇಲೆ ನಿಲ್ಲಿಸಿದಂತೆ ಹಿನ್ನೀರಿನ ಹಳ್ಳಿಯಲ್ಲೂ ಒಂದು ಗಳಿಗೆ ನಿಲ್ಲಿಸಲಿ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ಕೇಂದ್ರ ಪುರಾತತ್ವ ಇಲಾಖೆ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟು ಕೇಳುವುದಿಲ್ಲ. ತಡೆಯುವುದು ಬಸ್ಸಿನ ಹಣ. ಹೊಳಲ್ಕೆರೆಯಿಂದ ದುರ್ಗ ಎಷ್ಟು ದೂರ? ಆದರೂ ಪ್ರವಾಸದ ದಿನ ಪ್ರತಿ ಶಾಲೆಯಲ್ಲೂ ನಾಲ್ಕಾರು ಮಕ್ಕಳು ಹಿಂದುಳಿಯುತ್ತಾರೆ. ಅವರ ಅಪ್ಪ ಅಮ್ಮ ಅಡಿಕೆ ತೋಟದಲ್ಲೋ ಕಲ್ಲಿನ ಕ್ವಾರಿಯಲ್ಲೋ ಕೂಲಿಗೆ ಹೋಗುವವರು. ಓಬವ್ವನನ್ನು ನೋಡಿ ‘ನಮ್ಮವಳು’ ಎನ್ನಲು ಎಲ್ಲರಿಗಿಂತ ಮೊದಲ ಹಕ್ಕಿರುವ ಮಗುವೇ ಊರಲ್ಲಿ ಉಳಿಯಿತು.

ಆದ್ದರಿಂದ ನಾಲ್ಕೂ ತಾಲ್ಲೂಕಿನ ಉಪಾಧ್ಯಾಯರಿಗೂ ಶಾಲಾ ಸಮಿತಿಗಳಿಗೂ ನನ್ನ ವಿನಂತಿ: ಬರುವ ಡಿಸೆಂಬರಿಗೆ ಮುಂಚೆ ಜಿಲ್ಲಾ ಪಂಚಾಯಿತಿಗೆ ಅರ್ಜಿ ಕೊಡಿ. ಸರಕಾರಿ ಶಾಲೆಯ ಪ್ರತಿ ಮಗುವಿಗೂ ವರ್ಷಕ್ಕೊಮ್ಮೆ ಕೋಟೆಗೆ ಉಚಿತ ಬಸ್ಸು; ಗೈಡುಗಳಿಗೆ ಸರಿಯಾದ ತರಬೇತಿ, ಅದಕ್ಕೆ ತಕ್ಕ ಸಂಬಳ; 1779ರಲ್ಲಿ ಊರು ಬಿಟ್ಟ ಜನರ ನೆನಪಿಗೆ ಕೋಟೆಯ ಬಾಗಿಲಲ್ಲಿ ಕನ್ನಡದ ಒಂದು ಫಲಕ. ಅರ್ಜಿಗೆ ಊರಿನವರ ರುಜು ಹಾಕಿಸಿ. ಪ್ರವಾಸದ ದಿನ ಮನೆಯಲ್ಲುಳಿದ ಮಕ್ಕಳ ತಾಯ್ತಂದೆಯರ ರುಜು ಮೊದಲು ಇರಲಿ.