ಕಾಲುಚೀಲದೊಳಗಿನ ಕಿರುಗಾಣಿಕೆ

ಸಂಡೂರು ತಾಲ್ಲೂಕಿನ ವಡ್ಡು ಗ್ರಾಮವು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ನೆರೆಯಲ್ಲಿರುವುದು. ಉದ್ಯೋಗನಿಮಿತ್ತ ನಾನಾ ಪ್ರಾಂತಗಳಿಂದ ಬಂದ ಕುಟುಂಬಗಳು ಆ ಆಸುಪಾಸಿನಲ್ಲಿ ನೆಲಸಿರುವುದರಿಂದ ಹಬ್ಬಗಳೂ ನಾನಾ ಬಗೆಯವು. ಕಳೆದ ಡಿಸೆಂಬರಿನಲ್ಲಿ ಅಲ್ಲಿನ ಮಿತ್ರರೊಬ್ಬರ ಮನೆಯಲ್ಲಿ ಇಬ್ಬರು ಮಕ್ಕಳ ಕ್ರಿಸ್ಮಸ್ ಕಾಲುಚೀಲಗಳನ್ನು ಚಾಪೆಯ ಮೇಲೆ ಬರಿದುಮಾಡಿದಾಗ ನಾನೂ ಹತ್ತಿರದಲ್ಲಿದ್ದೆ. ಹಿರಿಯವನಿಗೆ ಐದು ವರ್ಷ, ಕಿರಿಯವಳಿಗೆ ಒಂದೂವರೆ. ಹೊರಬಿದ್ದುವು: ಹಿಚುಕಿದರೆ ಕೀಚೆನ್ನುವ ಮೆತ್ತನೆಯ ಬಾತುಕೋಳಿ, ಮಿನುಗುವ ದೀಪದ ಉಂಗುರ, ಹೊಳೆವ ಪುಡಿಯ ನಳಿಕೆ, ಎರಡು ಪೀಪಿಗಳು, ಪ್ಲಾಸ್ಟಿಕ್ ಕಡ್ಡಿಗೆ ಸಿಕ್ಕಿಸಿದ ಒಂದು ಬಲೂನು. ಸಂಕ್ರಾಂತಿಯ ವೇಳೆಗೆ ಬಾತುಕೋಳಿಯೊಂದುಳಿದು ಮಿಕ್ಕುದೆಲ್ಲವೂ ತಿಪ್ಪೆ ಸೇರಿತ್ತು.

ಈ ಚೀಲದ ಪದ್ಧತಿ ಹಳೆಯದು. ಏಷ್ಯಾ ಮೈನರಿನ ಮೈರಾ ಪಟ್ಟಣದಲ್ಲಿ 4ನೆಯ ಶತಮಾನದಲ್ಲಿದ್ದ ಸಂತ ನಿಕೋಲಸನು ಬಡವನೊಬ್ಬನ ಹೆಣ್ಣುಮಕ್ಕಳ ಮದುವೆಗಾಗಿ ಗುಟ್ಟಾಗಿ ಚಿನ್ನವನ್ನೆಸೆದನೆಂದೂ, ಅದು ಒಣಗಲು ಹಾಕಿದ್ದ ಕಾಲುಚೀಲದಲ್ಲಿ ಬಿದ್ದಿತೆಂದೂ ಐತಿಹ್ಯ. ಆ ಚಿನ್ನದ ನೆನಪಿಗೆ ಪಾಶ್ಚಾತ್ಯರು ಚೀಲದ ತುದಿಯಲ್ಲಿ ಕಿತ್ತಳೆಹಣ್ಣನ್ನಿರಿಸುತ್ತಿದ್ದರು. ಚೀಲ ಚಿಕ್ಕದು, ಗಾಣಿಕೆಯೂ ಚಿಕ್ಕದು. ಇಷ್ಟು ಚಿಕ್ಕದರ ವಿಷಯದಲ್ಲಿ ಇಷ್ಟು ವಿಚಾರವೇಕೆಂದು ವಾಚಕರು ಕೇಳಬಹುದು. ಚಿಕ್ಕದಾಗಿರುವುದೇ ಇಲ್ಲಿ ತೊಡಕು. ದೊಡ್ಡ ಆಟಿಕೆಯನ್ನು ಕೊಳ್ಳುವಾಗ ನಾವು ನಾಲ್ಕು ಅಂಗಡಿಗಳನ್ನು ಸುತ್ತುತ್ತೇವೆ. ಹತ್ತು ರೂಪಾಯಿಯ ಸಾಮಾನನ್ನು ತಿರುಗಿಸಿಯೂ ನೋಡುವುದಿಲ್ಲ. ಚಿಕ್ಕ ವಸ್ತುವಾದರೋ ನೇರವಾಗಿ ಮಗುವಿನ ಬಾಯಿಗೆ ಹೋಗತಕ್ಕದ್ದು.

ಮೇಲೆ ಹೇಳಿದ ಸಾಮಾನುಗಳನ್ನೇ ಪರಿಶೀಲಿಸೋಣ. ಬಾತುಕೋಳಿಯು ಬಹುಶಃ ಪಾಲಿವಿನೈಲ್ ಕ್ಲೋರೈಡಿನದು. ಈ ಪದಾರ್ಥವು ಸ್ವಭಾವತಃ ಗಡುಸು. ಅದನ್ನು ಮೆತ್ತಗೆ ಮಾಡಲು ಥ್ಯಾಲೇಟ್ ಎಂಬ ರಾಸಾಯನಿಕಗಳನ್ನು ಬೆರೆಸುವುದುಂಟು. ಇವು ಪ್ಲಾಸ್ಟಿಕ್ಕಿನ ಅಣುಗಳೊಡನೆ ಬಂಧಗೊಂಡಿರುವುದಿಲ್ಲವಾದ್ದರಿಂದ ಮಗು ಚೀಪಿದಂತೆ ಜೊಲ್ಲಿನಲ್ಲಿ ಇಳಿಯುತ್ತವೆ. ಹೊಳೆವ ಪುಡಿಯೆಂದರೆ ಅಲ್ಯೂಮಿನಿಯಂ ಲೇಪಿಸಿದ ಪ್ಲಾಸ್ಟಿಕ್ ಹಾಳೆಯ ತುಣುಕುಗಳೇ. ಕೈ ತೊಳೆದರೆ ಚರಂಡಿಗೆ, ಅಲ್ಲಿಂದ ಕೆರೆಗೆ, ಹೊಳೆಗೆ. ಅದನ್ನು ಮರಳಿ ಆಯ್ದು ತೆಗೆಯುವ ಉಪಾಯವಿಲ್ಲ. ಉಂಗುರದ ಗುಂಡಿಕೋಶವು ಇವೆಲ್ಲಕ್ಕಿಂತ ಭಯಂಕರ. ನುಂಗಿದ ಕೋಶವು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ತೇವದ ಮೂಲಕ ವಿದ್ಯುತ್ತು ಹರಿದು, ಋಣಧ್ರುವದ ಬಳಿ ತೀಕ್ಷ್ಣವಾದ ಕ್ಷಾರ ಹುಟ್ಟಿ, ಎರಡು ಗಂಟೆಗಳೊಳಗೆ ಮಾಂಸವನ್ನು ಸುಡಬಲ್ಲುದು. ಬಲೂನಿನ ಪ್ಲಾಸ್ಟಿಕ್ ಕಡ್ಡಿಯಂತೂ 2022ರ ಜುಲೈ 1ರಿಂದ ದೇಶದಲ್ಲಿ ನಿಷಿದ್ಧ, ಆದರೂ ಬಂದಿತ್ತು.

ಹಾಗಾದರೆ ಪ್ಲಾಸ್ಟಿಕ್ಕೆಲ್ಲವೂ ಕೆಟ್ಟದು, ಮರ-ಮಣ್ಣು-ನಾರುಗಳೆಲ್ಲವೂ ಒಳ್ಳೆಯವು ಎಂದು ನಿರ್ಣಯಿಸಿ ಬಿಡಬಹುದೇ? ಇಂದು ಅನೇಕರು ಹಾಗೆಯೇ ಬಗೆದಿರುವರು. ನನಗೆ ಅದು ಸಮ್ಮತವಲ್ಲ. ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ನೆರೆಮನೆಗೆ ಸಾಗಿ ಇಪ್ಪತ್ತು ವರ್ಷ ಬಾಳುವ ಗಟ್ಟಿ ಪ್ಲಾಸ್ಟಿಕ್ಕಿನ ಜೋಡಣೆಯ ಇಟ್ಟಿಗೆಗಳು, ಮೂರೇ ದಿನಕ್ಕೆ ಬಿರುಕುಬಿಟ್ಟು ಮೂಲೆ ಸೇರುವ ಮರದ ಗೊಂಬೆಗಿಂತ ಪರಿಸರಕ್ಕೆ ಹಿತಕರವೆಂದೇ ಹೇಳಬೇಕು. ಇನ್ನು 'ಪ್ರಕೃತಿಸಹಜ'ವೆಂಬ ಮಾತು. ನಮ್ಮ ಸೀಮೆಯ ಬೇಲಿಗಳಲ್ಲಿ ಗುಲಗಂಜಿ ಬಳ್ಳಿ ಹಬ್ಬುವುದನ್ನು ನೀವು ನೋಡಿರಬಹುದು. ಕೆಂಪು ಮೈ, ಕಪ್ಪು ಮೂತಿ. ಅದಕ್ಕಿಂತ ಮುದ್ದಾದ ಮಣಿಯಿಲ್ಲ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದುದೂ ಇದರಿಂದಲೇ. ಆದರೆ ಅದರೊಳಗಿರುವ ಏಬ್ರಿನ್ ಎಂಬ ಪ್ರೋಟೀನು ನಮ್ಮ ಜೀವಕೋಶಗಳಲ್ಲಿ ಪ್ರೋಟೀನು ತಯಾರಾಗುವ ಕೆಲಸವನ್ನೇ ನಿಲ್ಲಿಸಿಬಿಡುವಂಥ ವಿಷ. ಇಡೀ ಬೀಜವನ್ನು ನುಂಗಿದರೆ ಗಟ್ಟಿ ಸಿಪ್ಪೆಯ ದೆಸೆಯಿಂದ ಹಾಗೆಯೇ ಹೊರಬಿದ್ದೀತು. ಅಗಿದರೆ, ಅಥವಾ ದಾರ ಪೋಣಿಸಲೆಂದು ಅದಕ್ಕೆ ತೂತು ಕೊರೆದಿದ್ದರೆ, ಆ ರಕ್ಷಣೆ ಹೋಯಿತು. 2011ರ ಡಿಸೆಂಬರಿನಲ್ಲಿ, ಸರಿಯಾಗಿ ಕ್ರಿಸ್ಮಸ್ಸಿನ ಮುನ್ನ, ಬ್ರಿಟನ್ನಿನ ಕಾರ್ನ್‌ವಾಲಿನಲ್ಲಿರುವ ಪ್ರಖ್ಯಾತ ಸಸ್ಯೋದ್ಯಾನವಾದ ಈಡನ್ ಪ್ರಾಜೆಕ್ಟ್, ತಾನು ಮಾರಿದ್ದ ಕೈಬಳೆಗಳಲ್ಲಿ ಇದೇ ಬೀಜಗಳಿದ್ದುದು ತಿಳಿದು, ಅವನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಸಸ್ಯಗಳ ಹಿರಿಮೆಯನ್ನು ಸಾರುವ ಸಂಸ್ಥೆಗೇ ಹೀಗಾದಮೇಲೆ ನಾವು ಎಚ್ಚರ ತಪ್ಪುವುದು ಅಸಂಭವವೇನಲ್ಲ.

ಬಣ್ಣದ ವಿಷಯವೂ ಹೀಗೆಯೇ. ಹೊಳೆಯಾಚೆ ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಹಗುರವಾದ ಮರದ ಮೇಲೆ ಹುಣಿಸೆಬೀಜದ ಸರಿಯನ್ನು ಬಳಸಿ ರೂಪಿಸುವ ಗೊಂಬೆಗಳು ನಮ್ಮ ನಾಡಿನ ಹೆಮ್ಮೆ. ಆದರೆ ಅವುಗಳಿಗೆ ಇಂದು ಅಂಗಡಿಯ ಬಣ್ಣಗಳನ್ನೂ ಹಚ್ಚುವುದುಂಟು. ಆದ್ದರಿಂದ ಅವು ಗೂಡಿನಲ್ಲಿರಿಸಿ ನೋಡತಕ್ಕವು, ಹಲ್ಲು ಬರುತ್ತಿರುವ ಕೂಸಿನ ಕೈಗೆ ಕೊಡತಕ್ಕವಲ್ಲ. ಬಣ್ಣದಲ್ಲಿರಬಹುದಾದ ಸೀಸವನ್ನು ಎಳೆಯ ಮಕ್ಕಳ ದೇಹವು ದೊಡ್ಡವರದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳುವುದೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಮನೆಬಳಕೆಯ ಬಣ್ಣಗಳಲ್ಲಿ ಹತ್ತು ಲಕ್ಷ ಭಾಗಗಳಿಗೆ 90 ಭಾಗಕ್ಕಿಂತ ಹೆಚ್ಚು ಸೀಸವಿರಕೂಡದೆಂಬ ನಿಯಮ ನಮ್ಮಲ್ಲಿ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಆಟಿಕೆಗಳಿಗೆ 2021ರ ಜನವರಿ 1ರಿಂದ ಐ.ಎಸ್.ಐ. ಮುದ್ರೆ ಕಡ್ಡಾಯವಾಗಿದೆಯಾದರೂ ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿಯುಂಟು. ಬಡ ಕಸಬುದಾರನಿಗೆ ಈ ವಿನಾಯಿತಿ ನ್ಯಾಯವಾದುದೇ. ಅದರಿಂದಾಗಿ ಬಣ್ಣ ಯಾವುದೆಂದು ಕೇಳುವ ಹೊಣೆ ಮಾತ್ರ ನಮ್ಮ ಮೇಲೆ ಬಿದ್ದಿತು. ಚನ್ನಪಟ್ಟಣದ ಆಟಿಕೆಗಳ ಸಾಂಪ್ರದಾಯಿಕ ಕ್ರಮ ಇಲ್ಲಿ ಮೆಚ್ಚತಕ್ಕದ್ದು. ತಿರುಗುತ್ತಿರುವ ಹಾಲೆಮರದ ತುಂಡಿಗೆ ಬಣ್ಣ ಕೂಡಿಸಿದ ಅರಗಿನ ಕಡ್ಡಿಯನ್ನೊತ್ತಿದರೆ ತಿಕ್ಕಾಟದ ಶಾಖದಿಂದಲೇ ಅರಗು ಕರಗಿ ಹತ್ತಿಕೊಳ್ಳುತ್ತದೆ. ಅರಗಾದರೋ ಮುತ್ತುಗ, ಬೋರೆ ಮುಂತಾದ ಮರಗಳ ಮೇಲೆ ಬದುಕುವ ಕೀಟವೊಂದು ಸ್ರವಿಸುವ ರಾಳ. ಗಿಡದ ಬಣ್ಣಗಳನ್ನೇ ಬಳಸಿದ್ದಲ್ಲಿ ಮಗು ಕಚ್ಚಿದರೂ ಅಂಜಬೇಕಾದುದಿಲ್ಲ.

ಆದರೆ ಅಷ್ಟು ದೂರ ಹೋಗುವ ಅಗತ್ಯವೇನಿದೆ? ಕಂಪ್ಲಿ, ಹಂಪಿಗಳ ಸುತ್ತ ಬಾಳೆತೋಟಗಳಿವೆ. ಬಾಳೆಯ ದಿಂಡು ಒಮ್ಮೆ ಗೊನೆ ಕೊಟ್ಟರೆ ಮುಗಿಯಿತು, ಕಡಿದು ಹಾಕುವುದೇ. ಆ ದಿಂಡಿನ ನಾರಿನಿಂದ ಬುಟ್ಟಿ, ಚೀಲಗಳನ್ನು ಹೆಣೆಯುವ ಕಸಬನ್ನು ಆನೆಗೊಂದಿಯಲ್ಲಿ ಕಿಷ್ಕಿಂದ ಟ್ರಸ್ಟಿನವರು ಹೆಣ್ಣುಮಕ್ಕಳಿಗೆ ಕಲಿಸಿದ್ದಾರೆ. ಪುಟ್ಟ ನಾರಿನ ಬುಟ್ಟಿಯೊಂದು ಕಾಲುಚೀಲದ ಕೆಲಸವನ್ನೇ ಮಾಡಬಲ್ಲುದು. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಆ ಬಟ್ಟೆಯ ಚೆಂಡು ಕೂಸಿಗೆ ತಕ್ಕುದು. ಆದರೆ ಕನ್ನಡಿ, ಕವಡೆಗಳಿಲ್ಲದುದನ್ನು ಕೇಳಿ ಪಡೆಯತಕ್ಕದ್ದು.

ಮಣ್ಣೆತ್ತಿನ ಅಮಾವಾಸ್ಯೆಯಂದು ಎತ್ತು ಮಾಡುವ ನಮ್ಮ ಮಕ್ಕಳಿಗೆ ಹದಗೊಳಿಸಿದ ಮಣ್ಣಿನ ಉಂಡೆಗಿಂತ ಒಳ್ಳೆಯ ಗಾಣಿಕೆ ಯಾವುದು? ಎರೆಮಣ್ಣು ಮಾತ್ರವೇ ಆದರೆ ನೀರಾರಿದಾಗ ಕುಗ್ಗಿ ಸೀಳುತ್ತದೆ. ಕೊಂಚ ಮರಳು ಬೆರೆಸಬೇಕು. ಸಂಡೂರಿನ ಗುಡ್ಡದ ಕೆಮ್ಮಣ್ಣಿಗೆ ಆ ಕೆಂಪನ್ನು ಕೊಟ್ಟಿರುವುದು ಕಬ್ಬಿಣದ ಆಕ್ಸೈಡು. ಐದು ವರ್ಷದ ಹುಡುಗನಿಗೆ ಇದನ್ನೂ ಹೇಳಬಹುದು, ತಿಳಿದೀತು. ಕೊತ್ತಂಬರಿ ಅಥವಾ ಮೆಂತ್ಯದ ಕಾಳಿನ ಪೊಟ್ಟಣವನ್ನಿಟ್ಟರೆ ಹೊಸವರ್ಷದ ಹೊತ್ತಿಗೆ ಮೆಂತ್ಯ ಮೊಳೆತಿರುತ್ತದೆ. ಒಂದೂವರೆ ವರ್ಷದವಳಿಗೆ ಮಾತ್ರ ಕಾಳೂ ಬೇಡ, ಶೇಂಗಾಬೀಜವೂ ಬೇಡ, ಉಸಿರುನಾಳಕ್ಕೆ ಸಿಕ್ಕೀತು.

ಮೂರು ವರ್ಷಕ್ಕೊಳಗಿನವರಿಗಾಗಿ ಆಟಿಕೆಯ ಪರೀಕ್ಷಕರು 31.7 ಮಿಲಿಮೀಟರ್ ವ್ಯಾಸದ ಒಂದು ನಳಿಕೆಯನ್ನು ಬಳಸುತ್ತಾರೆ. ವಸ್ತುವಾಗಲಿ, ಅದರಿಂದ ಕಳಚಿಬಂದ ಚೂರಾಗಲಿ ಅದರೊಳಗೆ ಪೂರ್ಣವಾಗಿ ಅಡಗಿದರೆ ಅದು ಕೂಸಿಗೆ ಸಲ್ಲದು. ಅಳತೆಪಟ್ಟಿಯೂ ದಪ್ಪ ಕಾಗದವೂ ಇರುವ ಯಾವ ವಿದ್ಯಾರ್ಥಿಯಾದರೂ ಇಂಥ ನಳಿಕೆಯನ್ನು ಸುತ್ತಿಕೊಳ್ಳಬಹುದು. ನಿಮ್ಮ ಮನೆಯ ತಮ್ಮ ತಂಗಿಯರ ಸಾಮಾನನ್ನು ಈ ರಜೆಯಲ್ಲಿ ಒಮ್ಮೆ ಅದರೊಳಗೆ ಹಾಕಿ ನೋಡಿರಿ.

ಮತ್ತೆ ವಡ್ಡುವಿನ ಮಾತು. ಸಂಕ್ರಾಂತಿಗೆ ಹೋದಾಗ ನಾನು ಈ ವಿಚಾರಗಳನ್ನೆಲ್ಲ ಸ್ವಲ್ಪ ಉದ್ದವಾಗಿಯೇ ಹೇಳಿರಬೇಕು. ಮಕ್ಕಳ ಅಜ್ಜಿ ಕೇಳುವಷ್ಟು ಕೇಳಿ, "ಅಷ್ಟ್ಯಾಕ ಮಾತು ಮಾಸ್ತರ, ತಡೀರಿ" ಎಂದು ಎದ್ದುಹೋಗಿ ಬಣವೆಯಿಂದ ನಾಲ್ಕು ಜೋಳದ ದಂಟುಗಳನ್ನು ಹಿರಿದು ತಂದರು. ಸಿಬರೇಳದಂತೆ ಸಿಪ್ಪೆಯನ್ನು ಸುಲಿದು, ಒಳಗಿನ ಬೆಂಡನ್ನು ಗಾಲಿಯಾಗಿ ಕೊಯ್ದು, ಸಿಪ್ಪೆಯನ್ನೇ ಅಚ್ಚಾಗಿ ಚುಚ್ಚಿ, ಕಾಲು ಗಂಟೆಯಲ್ಲಿ ಒಂದು ಬಂಡಿ ಕಟ್ಟಿಕೊಟ್ಟರು. ಅದು ಮೂರು ದಿನ ಓಡಿ, ನಾಲ್ಕನೆಯ ದಿನ ಗಾಲಿ ಮುರಿದು ಎಮ್ಮೆಯ ಗೋದಲಿ ಸೇರಿತೆಂದು ಆಮೇಲೆ ತಿಳಿಯಿತು. ಈಗ ಹುಡುಗನೇ ಎರಡನೆಯದನ್ನು ಕಟ್ಟುತ್ತಿದ್ದಾನಂತೆ. ಗಾಲಿ ಇನ್ನೂ ಸೊಟ್ಟಗಿದೆಯಂತೆ.